ಅಪ್ಪಂಗೆ ಶೀತ-ಜ್ವರ: ಡೋಲೋ ಜೊತೆ ರಾತ್ರಿ ನೈಕ್ವಿಲ್ ಕೊಡಬಹುದಾ?

ಎಡಿಸನ್‌ವಾಸಿ:
ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದಿದ್ದಾರೆ. ನ್ಯೂಜೆರ್ಸಿಯ ಚಳಿ ಅಪ್ಪಂಗೆ ಒಗ್ಗಿಲ್ಲ. ನಿನ್ನೆ ಬೆಳಗ್ಗೆಯಿಂದ ಮೂಗು ಸೋರ್ತಿದೆ, ಮೈಕೈ ನೋವು, ಸಂಜೆ ಜ್ವರ 101. ರಾತ್ರಿಯೆಲ್ಲ ಕೆಮ್ಮು, ಮನೇಲಿ ಯಾರಿಗೂ ನಿದ್ದೆ ಇಲ್ಲ. ವಯಸ್ಸು 72. ಬಿಪಿಗೆ ಆಮ್ಲೋಡಿಪಿನ್, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತಗೋತಾರೆ. ಶುಗರ್ ಇಲ್ಲ. ಊರಿಂದ ತಂದ ಡೋಲೋ 650 ತಿಂಡಿ ಆದ್ಮೇಲೊಂದು, ಊಟ ಆದ್ಮೇಲೊಂದು, ರಾತ್ರಿ ಒಂದು ನಡೀತಿದೆ. ನನ್ನ ಹತ್ರ ಹಸಿರು ನೈಕ್ವಿಲ್ ಬಾಟ್ಲಿ ಇದೆ, ಇಲ್ಲಿ ಶೀತ-ಕೆಮ್ಮಿಗೆ ರಾತ್ರಿ ಕುಡಿಯೋ ಔಷಧಿ. "ಅದನ್ನೇ ಕೊಡೋ, ಒಂದು ರಾತ್ರಿ ನೆಮ್ಮದಿಯಾಗಿ ಮಲಗ್ತೀನಿ" ಅಂತಿದ್ದಾರೆ. ಬಿಪಿ ಏರುತ್ತಾ ಅನ್ನೋದೊಂದೇ ಭಯ.

ಮಲೆನಾಡಮಗಳು:
ಏನಾಗಲ್ಲ ಕೊಡಿ. ನಮ್ಮತ್ತೆಗೂ ಕೊಟ್ಟಿದ್ವಿ, ಚೆನ್ನಾಗಿ ಮಲಗಿದ್ರು. ಬೇಕಾದ್ರೆ ಅರ್ಧ ಕಪ್ ಕೊಡಿ. ಜೊತೆಗೆ ಕಾಳುಮೆಣಸು-ಜೀರಿಗೆ ಕಷಾಯ ಇರಲಿ.

ಸಾಧನಕೇರಿ:
ತಡೀರಿ ಅಣ್ಣಾರ, ಕೊಡಬ್ಯಾಡ್ರಿ. ನಾ ಚಿಕಾಗೋ ಕಡೆ ಫಾರ್ಮಸಿ ಒಳಗ ಕೆಲಸ ಮಾಡಾಕಿ, ಊರು ಧಾರವಾಡ. ಚಳಿಗಾಲ ಬಂತಂದ್ರ ಇದ ಪ್ರಶ್ನಿ. ಎಲ್ಲಾರೂ ಬಿಪಿ ಬಿಪಿ ಅಂತಾರ; ನಿಮ್ಮ ಅಪ್ಪಾರ ವಿಷಯದಾಗ ನನಗ ಅಂಜಿಕಿ ಪ್ರಾಸ್ಟೇಟಿಂದು.

ಆ ಬಾಟ್ಲಿ ಒಳಗ ಮೂರು ಔಷಧ ಅದಾವ. ಒಂದು ಕಪ್ಪು, ಅಂದ್ರ 30 ಎಂಎಲ್ ಕುಡದ್ರ 650 ಮಿಗ್ರಾಂ ಅಸೆಟಮಿನೊಫೆನ್. ಡೋಲೋದಾಗಿನ ಪ್ಯಾರಾಸಿಟಮಾಲ್ ಅಂದ್ರೂ ಇದ ಔಷಧ, ಹೆಸರಷ್ಟ ಬ್ಯಾರೆ. ಎರಡನೇದು ಕೆಮ್ಮಿಗೆ, ಡೆಕ್ಸ್ಟ್ರೊಮೆಥಾರ್ಫನ್. ಮೂರನೇದು ಡಾಕ್ಸಿಲಮಿನ್, ನಿದ್ದಿ ತರೋದು. ಪ್ರಾಸ್ಟೇಟ್ ದಪ್ಪ ಆದವರಿಗೆ ಅದರಿಂದ ಮೂತ್ರ ಕಟ್ಟಬಹುದು, ನಡುರಾತ್ರಿ ಟ್ಯೂಬ್ ಹಾಕಸಾಕ ಎಮರ್ಜೆನ್ಸಿಗೆ ಓಡೋ ಪಾಳಿ ಬರ್ತೈತಿ. ಗ್ಲುಕೋಮಾ ಇದ್ದವರೂ ಡಾಕ್ಟರ್‌ನ ಕೇಳದ ಮುಟ್ಟಬಾರದು. ಈ ವಯಸ್ಸಿನಾಗ ಮಂಪರು ಮರುದಿನಕ್ಕೂ ಉಳೀತೈತಿ. ಟ್ಯಾಮ್ಸುಲೋಸಿನ್ ತಗೊಂಡವರಿಗೆ ಎದ್ದು ನಿಂತ ಕೂಡಲೆ ತಲಿ ತಿರಗೋ ಸಂಭವ ಮೊದಲ ಐತಿ, ಅದರ ಮ್ಯಾಲ ಈ ಮಂಪರು. ಬಾತ್‌ರೂಮಿಗೆ ಹೋಗೂ ಮುಂದ ಬಿದ್ರ ಸೊಂಟದ ಎಲುಬು ಮುರೀತೈತಿ. ದ್ರವದಾಗ ಶೇ 10 ಆಲ್ಕೋಹಾಲ್ ಬ್ಯಾರೆ.

ಬಿಪಿ ಏರಸೋದು ಫಿನೈಲೆಫ್ರಿನ್. ಅದು 'ಸಿವಿಯರ್' ಅಂತ ಬರದ ಬಾಟ್ಲಿಯಾಗ ಇರ್ತೈತಿ, ಸಾದಾದ್ರಾಗ ಇಲ್ಲ. ಬಾಯಿಂದ ತಗೊಂಡ್ರ ಅದು ಕಟ್ಟಿದ ಮೂಗು ಬಿಡಸೂದ ಇಲ್ಲ ಅಂತ 2023ರಾಗ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎದ ಸಲಹಾ ಸಮಿತಿನ ಹೇಳೇತಿ!

ಇನ್ನ ಡೋಲೋ ಲೆಕ್ಕ. ಮೂರು ಗುಳಿಗಿಗೆ 1950 ಮಿಗ್ರಾಂ, ನೈಕ್ವಿಲ್ ಒಂದು ಕಪ್ಪು ಕೂಡಿಸಿದ್ರ 2600. ದಿನದ ಮಿತಿ 4000, ಹಂಗಾಗಿ ಒಂದು ಕಪ್ಪಿಗೆ ಲಿವರ್ ಕೆಡೂದಿಲ್ಲ. ಆದ್ರ ಆರು ತಾಸಿಗೊಮ್ಮೆ, ದಿನಕ್ಕ ನಾಕು ಸಲದ ತನಕ ಅಂತ ಲೇಬಲ್‌ನ್ಯಾಗ ಐತೆಲ್ಲ, ಹಂಗ ಕುಡದು ಡೋಲೋನೂ ನುಂಗಿದ್ರ 4550. ಲಿವರ್‌ಗೆ ಪೆಟ್ಟು ಬಿದ್ದದ್ದು ಮೊದಲನೇ ದಿನ ಗೊತ್ತ ಆಗೂದಿಲ್ಲ. ಹೆಚ್ಚಾತು ಅನಸಿದ್ರ ವಿಷಬಾಧೆ ಸಹಾಯವಾಣಿ ಪಾಯ್ಸನ್ ಹೆಲ್ಪ್ 1-800-222-1222ಕ್ಕ ಫೋನ್ ಹಚ್ಚರಿ. ಪುಕ್ಕಟೆ, ರಾತ್ರಿನೂ ಎತ್ತತಾರ.

ಸದ್ಯಕ್ಕ ಡೋಲೋ ಒಂದ ಸಾಕು, ಆರು ತಾಸು ಬಿಟ್ಟು. ಮೂಗಿಗೆ ಸಲೈನ್ ಸ್ಪ್ರೇ, ಮಲಗೂ ಮುಂದ ಒಂದು ಚಮಚ ಜೇನುತುಪ್ಪ, ತಲಿ ಕೆಳಗ ಇನ್ನೊಂದು ದಿಂಬು. ಮುಖ್ಯ ಅಂದ್ರ ಇವತ್ತ ಅರ್ಜೆಂಟ್ ಕೇರ್‌ಗೆ ಕರಕೊಂಡು ಹೋಗಿ ಫ್ಲೂ ಟೆಸ್ಟ್ ಮಾಡಸ್ರಿ. 65 ದಾಟಿದವರಿಗೆ ಫ್ಲೂ ಭಾರಿ ಆಗಬಹುದು, ಅದರ ಗುಳಿಗಿ ಮೊದಲ 48 ತಾಸಿನೊಳಗ ಶುರು ಮಾಡಿದ್ರ ಚಲೋ.

ಮಲೆನಾಡಮಗಳು:
ನಮ್ಮತ್ತೆಗೆ ಬೇರೆ ಯಾವ ಮಾತ್ರೆನೂ ಇರಲಿಲ್ಲ, ಅದಕ್ಕೇ ಹಾಗಂದೆ. ಅರ್ಧ ಕಪ್ ಆದ್ರೂ ಬೇಡ್ವಾ?

ಸಾಧನಕೇರಿ:
ಇವರಿಗೆ ಅರ್ಧಾನೂ ಬ್ಯಾಡ್ರಿ. ನಿಮ್ಮ ಕಷಾಯ ಕೊಡ್ರಿ, ಅದಕ್ಕ ನನ್ನ ತಕರಾರಿಲ್ಲ.

ಎಡಿಸನ್‌ವಾಸಿ:
ಹೋಗಿ ಬಂದ್ವಿ ಅಕ್ಕಾ. ಫ್ಲೂ ಎ ಪಾಸಿಟಿವ್, ಟ್ಯಾಮಿಫ್ಲೂ ಅನ್ನೋ ಫ್ಲೂ ಔಷಧಿ ಬರೆದ್ರು. ಪ್ರಾಸ್ಟೇಟ್ ಅಂದ ತಕ್ಷಣ ಅವರೂ ನೈಕ್ವಿಲ್ ಬೇಡ ಅಂದ್ರು. ಈಗ ಅಮ್ಮಂಗೂ ಗಂಟಲು ಕೆರೀತಿದೆ. ಅವರು ಡಿಪ್ರೆಶನ್‌ಗೆ ಎಸ್ಸಿಟಾಲೊಪ್ರಾಮ್ ತಗೋತಾರೆ. ಬರೀ ಕೆಮ್ಮಿನ ಸಿರಪ್ ಕೊಡಬಹುದಾ?

ಸಾಧನಕೇರಿ:
ಸಿರಪ್‌ನ್ಯಾಗ ಡೆಕ್ಸ್ಟ್ರೊಮೆಥಾರ್ಫನ್ ಇದ್ರ ಕೇಳದ ಕೊಡಬ್ಯಾಡ್ರಿ. ಅದೂ ಅಮ್ಮಾರ ಗುಳಿಗಿನೂ ಎರಡೂ ಮೆದುಳಿನಾಗಿನ ಸಿರೊಟೋನಿನ್ ಅನ್ನೋ ರಾಸಾಯನಿಕ ಏರಸ್ತಾವ. ಕೂಡಿದ್ರ ಮೈ ನಡುಗೋದು, ಬೆವರೋದು, ಗಾಬರಿ ಆಗಬಹುದು. ಟ್ಯಾಮಿಫ್ಲೂ ತರಾಕ ಹೆಂಗೂ ಫಾರ್ಮಸಿಗೆ ಹೋಗ್ತೀರಲ್ಲ, ಅಮ್ಮಾರ ಗುಳಿಗಿ ಚೀಟಿನೂ ಒಯ್ದು ಕೌಂಟರ್‌ನ್ಯಾಗ ತೋರಸ್ರಿ. ಅಪ್ಪಾರಿಗೆ ಫ್ಲೂ ಐತಿ ಅಂತನೂ ಹೇಳ್ರಿ, ಅಮ್ಮಾರಿಗೂ ಗುಳಿಗಿ ಬೇಕೇನು ಅಂತ ಡಾಕ್ಟರ್‌ನ ಕೇಳೂದು ಐತಿ.