ಸಹಾಯ ಬೇಕು: ಕಾಸರಗೋಡು ತಾಲೂಕಿನ ಹಳೆಯ ಮೂಲಗೇಣಿ ದಾಖಲೆಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬದಿಯಡ್ಕದ ಹತ್ತಿರ. ತಮ್ಮ ಅಜ್ಜ ಪುತ್ತೂರು ಸೀಮೆಯಿಂದ ಬಂದು ಇಲ್ಲಿ ಮೂಲಗೇಣಿಗೆ, ಅಂದರೆ ಶಾಶ್ವತ ಗೇಣಿಗೆ, ಜಮೀನು ಹಿಡಿದರೆಂದು ನನ್ನ ಅಜ್ಜಿ ಅಡಿಕೆ ಸುಲಿಯುತ್ತಾ ಕುಳಿತಾಗಲೆಲ್ಲ ಹೇಳುತ್ತಿದ್ದರು. ಆದರೆ ಅವರು ಬಿಟ್ಟು ಬಂದ ಮೂಲಮನೆಯ ಹೆಸರು ಒಂದೊಂದು ಸಲ ಒಂದೊಂದಾಗಿರುತ್ತಿತ್ತು. ಅಜ್ಜಿ ಈಗಿಲ್ಲ. ಅವರ ಪೆಟ್ಟಿಗೆಯಲ್ಲಿ ಮೋಡಿ ಅಕ್ಷರದ (ಹಿಂದಿನವರ ಕೂಡುಬರಹದ) ಗೇಣಿಚೀಟೊಂದು ಸಿಕ್ಕಿದೆ. ಅಂಚನ್ನು ಗೆದ್ದಲು ತಿಂದಿದೆ, ಊರಿನ ಹಿರಿಯರಿಗೂ ಅದರಲ್ಲಿ 'ಕಾಸರಗೋಡು ತಾಲೂಕು' ಎಂಬುದನ್ನು ಬಿಟ್ಟು ಬೇರೇನೂ ಓದಲಾಗಲಿಲ್ಲ.

ನೆಂಟರಿಷ್ಟರನ್ನೆಲ್ಲ ವಿಚಾರಿಸಿದ್ದಾಯಿತು. ನನಗೆ ಗೊಂದಲವಿರುವುದು ಇಷ್ಟೇ: 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಈ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಅನಂತರ ಕಣ್ಣೂರು ಜಿಲ್ಲೆಯಲ್ಲಿದ್ದು 1984ರಲ್ಲಿ ಕಾಸರಗೋಡೇ ಜಿಲ್ಲೆಯಾಯಿತು, ಹಾಗಿರುವಾಗ ಹಳೆಯ ಕಡತಗಳು ಯಾವ ಊರಿನಲ್ಲಿ ಉಳಿದವು? ಕೇಳಿದ ಕಚೇರಿಯವರು ಇನ್ನೊಂದು ಕಚೇರಿಯನ್ನು ತೋರಿಸುತ್ತಾರೆ. ಅಜ್ಜಿಯ ನೆನಪನ್ನು ಹೀಗೆ ಅರ್ಧಕ್ಕೆ ಬಿಡಲು ನನಗೆ ಮನಸ್ಸಿಲ್ಲ.

1956ಕ್ಕಿಂತ ಹಿಂದಿನ ಮೂಲಗೇಣಿ ಪತ್ರಗಳ ನಕಲನ್ನು ನಿಮ್ಮಲ್ಲಿ ಯಾರಾದರೂ ಪಡೆದಿದ್ದರೆ, ಅದಕ್ಕೆ ಮಂಗಳೂರು, ಕಣ್ಣೂರು, ಕಾಸರಗೋಡು ಇವುಗಳಲ್ಲಿ ಎಲ್ಲಿ ಅರ್ಜಿ ಕೊಟ್ಟಿರಿ, ಮತ್ತು ಕನ್ನಡದ ಮೋಡಿ ಅಕ್ಷರ ಓದಬಲ್ಲವರು ಈ ಭಾಗದಲ್ಲಿ ಯಾರಿದ್ದಾರೆ ಎಂದು ದಯವಿಟ್ಟು ತಿಳಿಸುವಿರಾ?