ಮೆಗ್ನೀಷಿಯಂ ಕಾರ್ಬೊನೇಟ್ ಸುಟ್ಟರೆ ತೂಕ ಯಾಕೆ ಇಷ್ಟು ಇಳಿಯುತ್ತದೆ?

ಬದಿಯಡ್ಕ ಟೀಚರ್:
ನಮ್ಮ ಶಾಲೆಯ ಲ್ಯಾಬಿನಲ್ಲಿ ‘ಲೈಟ್ ಮೆಗ್ನೀಷಿಯಂ ಕಾರ್ಬೊನೇಟ್’ ಅಂತ ಚೀಟಿ ಅಂಟಿಸಿದ ಡಬ್ಬ ಇದೆ. ಮಕ್ಕಳೆದುರು 2.00 ಗ್ರಾಂ ತೂಗಿ, ಪಿಂಗಾಣಿ ಮೂಸೆಗೆ ಹಾಕಿ ಗ್ಯಾಸ್ ಬರ್ನರ್ ಮೇಲೆ ಸುಟ್ಟೆ. ಪುಸ್ತಕದ ಲೆಕ್ಕದಂತೆ 0.96 ಗ್ರಾಂ ಉಳಿಯಬೇಕು. ಉಳಿದದ್ದು 0.86. ಆಟಿಯ ಮಳೆಗೆ ಪುಡಿ ಚಂಡಿ ಆಗಿರಬೇಕು ಅಂತ ಮನೆಗೆ ತಂದು ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟೆ. ಮತ್ತೆ ಸುಟ್ಟರೆ ಅದೇ 0.86! ಹಿಂದಿನ ಬೆಂಚಿನ ಹುಡುಗ ‘ಅಂಗಡಿಯವ ಮೋಸ ಮಾಡಿದ್ದು ಟೀಚರ್’ ಅಂದ. ಹೌದಾ?

ಪೆರ್ಲದ ಅಡಿಕೆ ಕೃಷಿಕ:
ಆ ಪುಡಿ ಹತ್ತಿಯ ಹಾಗೆ ಹಗುರ ಅಲ್ವಾ? ಬಿಸಿಗೆ ಹಾರಿ ಹೋಗಿರಬಹುದು. ಮುಚ್ಚಳ ಹಾಕಿದ್ರಾ?

ಬದಿಯಡ್ಕ ಟೀಚರ್:
ಹಾಕಿದ್ದೆ ಮಾರಾಯ್ರೇ, ಎರಡು ಸಲವೂ.

ಹೊಸೂರು ಲ್ಯಾಬ್:
ಅಂಗಡಿಯವನನ್ನು ಬಿಟ್ಟುಬಿಡಿ ಟೀಚರ್. ನಿಮ್ಮ ತೂಕ ಸರಿಯಾಗಿಯೇ ಇದೆ. ನಾನು ಸೇಲಂ ಕಡೆ ಮ್ಯಾಗ್ನಸೈಟ್ (ಮೆಗ್ನೀಷಿಯಂ ಕಾರ್ಬೊನೇಟಿನ ಕಲ್ಲು) ಸುಡುವ ಕಾರ್ಖಾನೆಯಲ್ಲಿ 11 ವರ್ಷ ಇದನ್ನೇ ತೂಗುತ್ತಿದ್ದೆ.

ಸೇಲಂ ಚಾಕ್ ಹಿಲ್ಸಿನ ಕಲ್ಲು ಮ್ಯಾಗ್ನಸೈಟ್. ಅದರಲ್ಲಿ ನೀರಿಲ್ಲ. ಶುದ್ಧವಾಗಿದ್ದರೆ ಸುಟ್ಟಾಗ 100ಕ್ಕೆ 52 ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ, ಮೆಗ್ನೀಷಿಯಂ ಆಕ್ಸೈಡ್ ಉಳಿಯುತ್ತದೆ. ನಿಮ್ಮ ಡಬ್ಬದ್ದು ಬಿಸಿ ದ್ರಾವಣದಿಂದ ಇಳಿಸಿದ ಪುಡಿ. ಖನಿಜವಾಗಿ ಸಿಕ್ಕರೆ ಅದರ ಹೆಸರು ಹೈಡ್ರೋಮ್ಯಾಗ್ನಸೈಟ್: ನಾಲ್ಕು ಕಾರ್ಬೊನೇಟ್, ಒಂದು ಹೈಡ್ರಾಕ್ಸೈಡ್, ನಾಲ್ಕು ನೀರು. ಅದರಲ್ಲಿ ನೀರೂ ಹೋಗಿ ಉಳಿಯುವುದು 100ಕ್ಕೆ 43. ನಿಮ್ಮ 2 ಗ್ರಾಮಿಗೆ 0.86. ಹುಡುಗನಿಗೆ ತೋರಿಸಿ!

ಆ ನೀರು ಮಳೆಯ ಚಂಡಿ ಅಲ್ಲ. ಹರಳಿನ ಒಳಗೇ ಕೂತ ನೀರು. ಅಟ್ಟದ ಬಿಸಿಗೆ ಅದು ಜಗ್ಗುವುದಿಲ್ಲ, 200 ಡಿಗ್ರಿ ದಾಟಿದರೆ ಮಾತ್ರ ಜೋರಾಗಿ ಹೊರಡುತ್ತದೆ. ಕಾರ್ಬನ್ ಡೈಆಕ್ಸೈಡ್ ಇನ್ನೂ ಮೇಲೆ.

ಮಜಾ ಬೇಕಿದ್ದರೆ ಎಪ್ಸಂ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಮತ್ತು ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್) ದ್ರಾವಣವನ್ನು ತಣ್ಣಗೇ ಬೆರೆಸಿ ರಾತ್ರಿ ಬಿಡಿ. ಮೊದಲು ಗಂಜಿಯ ಹಾಗೆ ಇರುತ್ತದೆ, ಆಮೇಲೆ ಸೂಜಿಯಂಥ ಹರಳು. ಅದು ನೆಸ್ಕ್ವಿಹೋನೈಟ್, ಒಂದು ಕಾರ್ಬೊನೇಟಿಗೆ ಮೂರು ನೀರು. ಸುಟ್ಟರೆ ಉಳಿಯುವುದು ಬರೀ 29. ಅದನ್ನೇ ನೀರಲ್ಲಿ ಕುದಿಸಿದರೆ ಮತ್ತೆ ನಿಮ್ಮ ಡಬ್ಬದ ಪುಡಿಯೇ. ಐದು ನೀರಿನದ್ದೂ ಇದೆ, ಲ್ಯಾನ್ಸ್‌ಫರ್ಡೈಟ್. ಅಮೆರಿಕದ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಯಲ್ಲಿ ಸಿಕ್ಕಿದ್ದು. ಅದಕ್ಕೆ ಚಳಿ ಬೇಕು. ನಮ್ಮ ಸೆಕೆಗೆ ನೀರು ಬಿಟ್ಟು ಮೂರಕ್ಕೆ ಇಳಿಯುತ್ತದೆ. ಕಾಸರಗೋಡಿನಲ್ಲಿ ಅದರ ಆಸೆ ಬಿಡಿ.

ಪೆರ್ಲದ ಅಡಿಕೆ ಕೃಷಿಕ:
ಜಿಮ್ಮಿನ ಹುಡುಗರು ಕೈಗೆ ಹಚ್ಚುವ ಬಿಳಿ ಪುಡಿಯೂ ಇದೇ ಅಂತೆ. ನನ್ನ ಮಗ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಸುಣ್ಣ ತೆಗೆದುಕೊಂಡು ಹೋಗಿ ಅಂಗೈ ಸುಟ್ಟುಕೊಂಡಿದ್ದ.

ಹೊಸೂರು ಲ್ಯಾಬ್:
ಅಯ್ಯೋ! ಎರಡೂ ಬಿಳಿ ಅಷ್ಟೇ, ಸುಣ್ಣ ಮುಟ್ಟಲೇಬಾರದು.

ಬದಿಯಡ್ಕ ಟೀಚರ್:
ನೀವು ಹೇಳಿದ ಹಾಗೆ ಮಾಡಿದೆವು ಸರ್. ಬೆಳಿಗ್ಗೆ ಗ್ಲಾಸಿನ ತಳದಲ್ಲಿ ಸೂಜಿಗಳು! ಸೋಸಿ, ಮೂರು ದಿನ ಫ್ಯಾನಿನಡಿ ಒಣಗಿಸಿ ಸುಟ್ಟೆವು. 1.00 ಗ್ರಾಮಿಗೆ 0.31 ಉಳಿಯಿತು. 0.29 ಬರಲಿಲ್ಲ.

ಹೊಸೂರು ಲ್ಯಾಬ್:
ತೊಳೆದದ್ದು ಸಾಲಲಿಲ್ಲ ಅನ್ನಿಸುತ್ತದೆ. ಬೆರೆಸಿದಾಗ ಜೊತೆಗೆ ಹುಟ್ಟುವ ಸೋಡಿಯಂ ಸಲ್ಫೇಟ್ ಉಳಿದಿದ್ದರೆ ಅದು ನಿಮ್ಮ ಬರ್ನರಿನ ಬಿಸಿಗೆ ಹಾರಿ ಹೋಗುವುದಿಲ್ಲ, ತೂಕದಲ್ಲೇ ಕೂರುತ್ತದೆ. ಇನ್ನೆರಡು ಸಲ ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಬೇಡ.