ಹಳ್ಳಿಯ ಸಣ್ಣ ಉದ್ಯಮ ಎರಡನೇ ವರ್ಷ ದಾಟಲು ಏನು ಬೇಕು?

ನೇಗಿಲು: ಹಳ್ಳಿಗಳಲ್ಲಿ ಗಿರಣಿ, ವೆಲ್ಡಿಂಗ್ ಅಂಗಡಿ, ಹೊಲಿಗೆ ಘಟಕ ಹಾಕುವವರಿಗೆ ತರಬೇತಿ, ಸಾಲ ಎರಡೂ ಸಿಗುತ್ತೆ. ಮೊದಲ ವರ್ಷ ಚೆನ್ನಾಗೇ ನಡೆದು, ಆಮೇಲೆ ಗಿರಾಕಿ ಇದ್ದರೂ ಬಾಗಿಲು ಮುಚ್ಚುತ್ತೆ. ನೆರವಾಗಲು ಹೊರಟ ಸಂಘ ಮೊದಲು ಯಾವುದಕ್ಕೆ ಕೈ ಹಾಕಬೇಕು?

ತಕ್ಕಡಿ: ಗಿರಾಕಿ ಇದ್ದೂ ಮುಚ್ಚಿದರೆ ಮೊದಲು ನೋಡಬೇಕಾದ್ದು ದುಡಿಯುವ ಬಂಡವಾಳ, ಅಂದರೆ ದಿನದಿನದ ವ್ಯವಹಾರ ನಡೆಸೋಕೆ ಬೇಕಾದ ಹಣ. ಬಹಳ ಕಡೆ ಸಾಲವೆಲ್ಲ ಯಂತ್ರಕ್ಕೆ, ಶೆಡ್ಡಿಗೇ ಹೋಗಿರುತ್ತೆ. ಮಾಲು ಮಾರಾಟವಾಗೋಕೆ 30 ದಿನ, ಉದ್ರಿ ವಸೂಲಾಗೋಕೆ 45 ದಿನ, ಸರಬರಾಜುದಾರರು ಕೊಡುವ ವಾಯಿದೆ 15 ದಿನ ಅಂದುಕೊಳ್ಳಿ. 30+45−15 = 60. ಅಂದರೆ ಎರಡು ತಿಂಗಳ ಖರ್ಚಿನಷ್ಟು ಹಣ ಯಾವಾಗಲೂ ವ್ಯವಹಾರದೊಳಗೇ ಸಿಕ್ಕಿಕೊಂಡಿರುತ್ತೆ. ವ್ಯಾಪಾರ ಇಮ್ಮಡಿಯಾದರೆ ಅದೂ ಇಮ್ಮಡಿ. ಚೆನ್ನಾಗಿ ಓಡುತ್ತಿದ್ದ ಅಂಗಡಿಯೇ ಮುಗ್ಗರಿಸೋದು ಇದಕ್ಕೇ.

ಇನ್ನು ಕಂತು. ಊರಿಗೆ ದುಡ್ಡು ಬರೋದು ಸುಗ್ಗಿಯಲ್ಲಿ, ಬ್ಯಾಂಕ್ ಕೇಳೋದು ತಿಂಗಳು ತಿಂಗಳು. ಸುಗ್ಗಿಯ ನಂತರ ದೊಡ್ಡ ಕಂತು, ಬಿತ್ತನೆ ಕಾಲದಲ್ಲಿ ಬಡ್ಡಿ ಮಾತ್ರ ಅಂತ ಸಹಿ ಹಾಕುವ ಮೊದಲೇ ಮಾತಾಡಿಕೊಳ್ಳಬೇಕು. ಒಬ್ಬರೇ ಹೋಗಿ ಕೇಳಿದರೆ ಕಷ್ಟ, ಸಂಘ ಜತೆಗೆ ಹೋಗಬೇಕು.

ಸ್ಟಾರ್ಟರ್: ಕರೆಂಟನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಯಂತ್ರ ಕೊಳ್ಳುವ ಮುಂಚೆ, ಲೋಡ್ ಜಾಸ್ತಿ ಇರುವ ಹೊತ್ತಲ್ಲಿ ವೋಲ್ಟೇಜ್ ಅಳೆಯಿರಿ. ಮೂರು ಫೇಸಲ್ಲಿ ಒಂದು ಹೋದರೂ ಓಡುತ್ತಿರುವ ಮೋಟರ್ ಸಾಮಾನ್ಯವಾಗಿ ನಿಲ್ಲಲ್ಲ, ಉಳಿದೆರಡರಿಂದ ಸುಮಾರು 1.7 ಪಟ್ಟು ಕರೆಂಟ್ ಎಳೆದು ಒಳಗಿನ ತಂತಿ ಸುರುಳಿ (ವೈಂಡಿಂಗ್) ಸುಟ್ಟುಕೊಳ್ಳುತ್ತೆ. ಒಂದು ಫೇಸ್ ಹೋದ ಕೂಡಲೇ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇರಲೇಬೇಕು. ಡಿಓಎಲ್ ಸ್ಟಾರ್ಟರ್ (ಮೋಟರನ್ನ ನೇರವಾಗಿ ಪೂರ್ತಿ ವೋಲ್ಟೇಜಿನಲ್ಲಿ ಶುರು ಮಾಡುವಂಥದ್ದು) ಆದರೆ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಸಾಧನ) ಮೋಟರ್ ಪ್ಲೇಟಿನ ಮೇಲಿನ ಆಂಪಿಯರ್‌ಗೇ ಇರಲಿ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಅದನ್ನ ಏರಿಸಿಟ್ಟರೆ ಮೋಟರ್ ಉಳಿಯಲ್ಲ. ರೀವೈಂಡಿಂಗ್‌ಗೆ ಪೇಟೆಗೆ ಹೋದ ಮೋಟರ್ ಬರೋವರೆಗೆ ಆದಾಯ ಸೊನ್ನೆ, ಕಂತು ಮಾತ್ರ ನಿಲ್ಲಲ್ಲ. ಬೆಲ್ಟ್, ಬೇರಿಂಗ್, ಕಾಂಟ್ಯಾಕ್ಟರ್ (ಸ್ಟಾರ್ಟರ್ ಒಳಗಿನ ಸ್ವಿಚ್) ಒಂದೊಂದು ಸಂಘದಲ್ಲೇ ಇಟ್ಟಿರಿ.

ನೇಗಿಲು: ಉದ್ರಿ ಕೊಡದಿದ್ರೆ ಗಿರಾಕಿ ಮುನಿಸಿಕೊಳ್ಳಲ್ವಾ?

ಸಂತೆದಾರಿ: ಉದ್ರಿ ನಿಲ್ಲಿಸೋದು ಬೇಡ, ಮಿತಿ ಹಾಕಿ. ಹಳೇದು ತೀರದೆ ಹೊಸದಿಲ್ಲ, ಪುಸ್ತಕದಲ್ಲಿ ಗಿರಾಕಿಯದೇ ಸಹಿ. ನಿಯಮ ಸಂಘದ್ದು ಅಂತಾದರೆ ಅಂಗಡಿಯವರ ಮೇಲೆ ಮುನಿಸು ಬರಲ್ಲ. ಮಾಲೀಕರೂ ಗಲ್ಲಾಪೆಟ್ಟಿಗೆಗೆ ಕೈ ಹಾಕದೆ ವಾರಕ್ಕಿಷ್ಟು ಸಂಬಳ ಅಂತ ತಗೊಳ್ಳಲಿ.

ಸಂಘ ಸಾಲವನ್ನೂ ಕೊಡೋದಾದರೆ ಹಳ್ಳಿಯ ಸಹಕಾರಿ ಸಾಲ ಸಂಘಗಳ ಹರಿಕಾರ ರೈಫೈಸನ್ ಅವರ ದಾರಿ ನೋಡಿ. 1864ರಲ್ಲಿ ಜರ್ಮನಿಯ ಹೆಡ್ಡೆಸ್‌ಡಾರ್ಫ್‌ನಲ್ಲಿ ಅವರು ಕಟ್ಟಿದ ಸಾಲ ಸಂಘದಲ್ಲಿ ಸಾಲಕ್ಕೆ ಸದಸ್ಯರೆಲ್ಲ ಒಟ್ಟಾಗಿ ಹೊಣೆ. ಅಕ್ಕಪಕ್ಕದವರಿಗೆ ಯಾರು ತೀರಿಸ್ತಾರೆ ಅನ್ನೋದು ಗೊತ್ತಿರುತ್ತೆ, ಅದೇ ಅದರ ಬಲ. ಆದರೆ ಬೆಳೆ ಕೈಕೊಟ್ಟರೆ ಊರಿಗೂರೇ ಒಟ್ಟಿಗೆ ಬೀಳುತ್ತೆ, ಹಾಗಾಗಿ ಮೀಸಲು ನಿಧಿ ಹಲವು ಊರುಗಳ ಒಕ್ಕೂಟದಲ್ಲಿರಬೇಕು.

ಒಂದು ಗಿರಣಿ ಗೆದ್ದರೆ ಅದೇ ಊರಲ್ಲಿ ಮೂರು ಗಿರಣಿ ಏಳುತ್ತೆ, ಮೂರಕ್ಕೂ ಅರೆಹೊಟ್ಟೆ. ಎರಡನೆಯವರಿಗೆ ರಿಪೇರಿ, ಪ್ಯಾಕಿಂಗ್, ಸಾಗಾಟ ತೋರಿಸಿ. ಆಗ ಮೊದಲಿನವರೇ ಅವರ ಗಿರಾಕಿ.